ಲೆಕ್ಕದಲ್ಲಿ 3, ಕೇಬಲ್ಲಿನಲ್ಲಿ 8

ದೂರಸಂಪರ್ಕ ಜಾಲದ ನಿಗಾ ಕೊಠಡಿಯ ಪರದೆ ಮೇಲೆ ಬೆಂಗಳೂರು–ಮುಂಬೈ ಟನಲ್ (ಟ್ರಾಫಿಕ್‌ಗೆ ಮೊದಲೇ ಗೊತ್ತು ಮಾಡಿದ ದಾರಿ) ಹಸಿರಾಗಿದೆ ಅಂದುಕೊಳ್ಳಿ. ಅದಕ್ಕೆ ಕಾಯ್ದಿರಿಸಿದ ಬ್ಯಾಂಡ್‌ವಿಡ್ತ್ 3 ಗಿಗಾಬಿಟ್. ಅದೇ ಹೊತ್ತಿನಲ್ಲಿ ಅದರೊಳಗೆ ಹರಿಯುತ್ತಿರುವುದು 8 ಗಿಗಾಬಿಟ್. ಕೆಂಪು ದೀಪ ಹತ್ತಿಲ್ಲ, ಅಲಾರಂ ಕೂಗಿಲ್ಲ, ನಡುವಿನ ಯಾವ ಸ್ವಿಚ್ಚೂ ತಕರಾರು ತೆಗೆದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ತೋರಿಸಿದರೆ ‘ಸಾಫ್ಟ್‌ವೇರ್‌ನಲ್ಲಿ ಏನೋ ಬಗ್ ಇರಬೇಕು ಸರ್’ ಅನ್ನುತ್ತಾರೆ. ಬಗ್ಗೂ ಇಲ್ಲ, ಏನೂ ಇಲ್ಲ. ಅದು ಇರುವುದೇ ಹಾಗೆ.

ಟ್ರಾಫಿಕ್ ಎಂಜಿನಿಯರಿಂಗ್ ಟನಲ್‌ಗೆ ಜಾಗ ಕಾಯ್ದಿರಿಸುವುದು ಪೂರ್ತಿ ಲೆಕ್ಕಪತ್ರದ ಕೆಲಸ. ಕಲ್ಯಾಣ ಮಂಟಪದ ಮ್ಯಾನೇಜರ್ ಪುಸ್ತಕದಲ್ಲಿ ‘300 ಎಲೆ’ ಎಂದು ಬರೆದುಕೊಂಡು ಮುಂಗಡ ಇಸಿದುಕೊಳ್ಳುತ್ತಾನಲ್ಲ, ಹಾಗೆ. ಮದುವೆ ದಿನ ಬಾಗಿಲಲ್ಲಿ ನಿಂತು ತಲೆ ಎಣಿಸುವುದು ಅವನ ಕೆಲಸವಲ್ಲ. 800 ಜನ ಬಂದರೆ ಬಂದರು, ಪುಸ್ತಕದಲ್ಲಿ ಇರುವುದು 300. ಸ್ವಿಚ್‌ಗಳೂ ಅಷ್ಟೆ. ‘ಈ ಲಿಂಕ್‌ನಲ್ಲಿ ಇನ್ನು ಇಷ್ಟು ಬಾಕಿ ಇದೆ’ ಎಂದು ಕೂಡಿ ಕಳೆದು ಇಟ್ಟುಕೊಳ್ಳುತ್ತವೆ. ಬಂದ ಪ್ಯಾಕೆಟ್‌ಗಳನ್ನು ಆ ಲೆಕ್ಕಕ್ಕೆ ಹಿಡಿದು ತಡೆಯುವುದಿಲ್ಲ. ತಡೆಯಬೇಕು ಅನ್ನಿಸಿದರೆ ಟನಲ್ ಹೊರಡುವ ಕಡೆ ಬೇರೆಯಾಗಿ ಮಿತಿ ಹಾಕಬೇಕು. ದೊಡ್ಡ ಜಾಲಗಳಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ, ಹಾಕದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ತಡೆಯುವುದಿಲ್ಲ ಎಂದ ಮೇಲೆ ಅಳೆಯುವುದನ್ನಾದರೂ ಬಿಡಬಾರದು.

ಕಾಯ್ದಿರಿಸುವ ಗೋಜು ಯಾಕೆ ಬಂತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಾಲದೊಳಗೆ ದಾರಿ ಹುಡುಕುವ ಮಾಮೂಲಿ ಕ್ರಮ ಸರಳ. ರೂಟರ್‌ಗಳೆಲ್ಲ ಒಂದೇ ನಕ್ಷೆ ಹಂಚಿಕೊಳ್ಳುತ್ತವೆ. ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ ಅತಿ ಕಡಿಮೆ ವೆಚ್ಚದ ದಾರಿ ಕಂಡುಕೊಳ್ಳುತ್ತವೆ. ಬೆಂಗಳೂರಿಂದ ಮುಂಬೈಗೆ ಎರಡು ದಾರಿ ಇಟ್ಟುಕೊಳ್ಳೋಣ: ಒಂದು ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ, ಇನ್ನೊಂದು ಹೈದರಾಬಾದ್ ಸುತ್ತಿಕೊಂಡು. ಎರಡೂ 10 ಗಿಗಾಬಿಟ್. ಹುಬ್ಬಳ್ಳಿ ದಾರಿ ಹತ್ತಿರದ್ದು, ಹಾಗಾಗಿ ಎಲ್ಲ ಟ್ರಾಫಿಕ್ಕೂ ಅಲ್ಲೇ ನುಗ್ಗುತ್ತದೆ. ಅದು ತುಂಬಿ ಪ್ಯಾಕೆಟ್ ಉದುರತೊಡಗಿದರೂ ಹೈದರಾಬಾದ್ ದಾರಿ ಖಾಲಿ ಹೊಡೆಯುತ್ತಿರುತ್ತದೆ.

ತುಂಬಿದ ಲಿಂಕ್‌ನ ವೆಚ್ಚವನ್ನು ತಾನಾಗಿ ಏರಿಸಿಬಿಟ್ಟರೆ ಆಯಿತಲ್ಲ? ಅಮೆರಿಕದ ಅರ್ಪಾನೆಟ್‌ನಲ್ಲಿ 1979ರಿಂದ ಮಾಡಿದ್ದು ಅದನ್ನೇ; ಲಿಂಕ್‌ನಲ್ಲಿ ಅಳೆದ ವಿಳಂಬವನ್ನೇ ಅದರ ವೆಚ್ಚವಾಗಿ ಹಿಡಿದರು. ದಟ್ಟಣೆ ಕಡಿಮೆ ಇದ್ದಾಗ ಚೆನ್ನಾಗಿಯೇ ನಡೆಯಿತು. ಹೆಚ್ಚಾದಾಗ ರೂಟರ್‌ಗಳೆಲ್ಲ ಒಟ್ಟಿಗೆ ಈ ದಾರಿ ಬಿಟ್ಟು ಆ ದಾರಿಗೆ ಹಾರುವುದು, ಅದು ತುಂಬಿದ ಕೂಡಲೇ ಒಟ್ಟಿಗೆ ವಾಪಸ್ಸು ಬರುವುದು. ಖನ್ನಾ ಮತ್ತು ಜಿಂಕಿ 1989ರ ಪ್ರಬಂಧದಲ್ಲಿ ಈ ಓಲಾಟವನ್ನೂ ಅದನ್ನು ತಗ್ಗಿಸಲು ವೆಚ್ಚದ ಸೂತ್ರವನ್ನು ತಿದ್ದಿದ ಬಗೆಯನ್ನೂ ವಿವರಿಸಿದ್ದಾರೆ. ಬೇಕಾಗಿದ್ದದ್ದು ಬೇರೆಯದೇ ಸಾಧನ: ಇಷ್ಟು ಟ್ರಾಫಿಕ್ ಈ ದಾರಿಯಲ್ಲಿ, ಉಳಿದದ್ದು ಆ ದಾರಿಯಲ್ಲಿ ಎಂದು ಕಟ್ಟುಮಾಡುವಂಥದ್ದು. ಎಂಪಿಎಲ್‌ಎಸ್ ಟನಲ್ ಅದಕ್ಕೆ ಒದಗಿತು. ಪ್ಯಾಕೆಟ್‌ನ ಮುಂದೆ 20 ಬಿಟ್‌ನ ಲೇಬಲ್ ಹಚ್ಚುತ್ತಾರೆ. ನಡುವಿನ ಸ್ವಿಚ್‌ಗಳು ಒಳಗಿನ ವಿಳಾಸ ಬಿಚ್ಚಿ ನೋಡದೆ, ಲೇಬಲ್ ಬದಲಿಸಿ ಮುಂದಕ್ಕೆ ತಳ್ಳುತ್ತವೆ.

ದಾರಿಯುದ್ದಕ್ಕೂ ಲೇಬಲ್ ಹಂಚಿ, ಜಾಗ ಕಾಯ್ದಿರಿಸುವ ಕೆಲಸ ಆರ್‌ಎಸ್‌ವಿಪಿ ಎಂಬ ಪ್ರೋಟೊಕಾಲ್‌ದು. ಅದು ಹುಟ್ಟಿದ್ದು ಇದಕ್ಕಲ್ಲ. ಲಿಕ್ಸಿಯಾ ಜಾಂಗ್, ಸ್ಟೀವ್ ಡೀರಿಂಗ್, ಡೆಬೊರಾ ಎಸ್ಟ್ರಿನ್, ಸ್ಕಾಟ್ ಶೆಂಕರ್, ಡೇನಿಯಲ್ ಜಪ್ಪಾಲಾ 1993ರಲ್ಲಿ ಅದನ್ನು ಮುಂದಿಟ್ಟಾಗ ಅವರ ತಲೆಯಲ್ಲಿದ್ದದ್ದು ವಿಡಿಯೊ ಕಾನ್ಫರೆನ್ಸಿನಂಥ ಬಳಕೆ. ಮಾತಾಡುವವನು ಒಬ್ಬ, ಕೇಳುವವರು ನೂರಾರು. ಯಾರಿಗೆ ಎಷ್ಟು ಗುಣಮಟ್ಟ ಬೇಕೋ ಅವರೇ ಅಷ್ಟನ್ನು ಕೇಳಿ ಪಡೆಯಲಿ ಎಂಬ ಎಣಿಕೆ. 1997ರ ಸೆಪ್ಟೆಂಬರ್‌ನಲ್ಲಿ ಅದು ಆರ್‌ಎಫ್‌ಸಿ 2205 ಆಗಿ, ಅಂದರೆ ಇಂಟರ್‌ನೆಟ್‌ನ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಪ್ರಕಟಿಸುವ ದಾಖಲೆಯಾಗಿ, ಹೊರಬಂತು. ಆದರೆ ಒಂದೊಂದು ಕರೆಗೂ ಜಾಲದ ನಡುವಿನ ಪ್ರತಿ ರೂಟರ್ ಒಂದೊಂದು ಸಾಲು ಬರೆದಿಟ್ಟುಕೊಳ್ಳಬೇಕು ಅಂದರೆ ಯಾವ ಪೆಟ್ಟಿಗೆ ತಡೆದೀತು? ದೊಡ್ಡ ಜಾಲಗಳಲ್ಲಿ ಆ ಆಸೆ ಕೈಗೂಡಲಿಲ್ಲ. 2001ರ ಡಿಸೆಂಬರ್‌ನ ಆರ್‌ಎಫ್‌ಸಿ 3209 ಅದೇ ಯಂತ್ರಕ್ಕೆ ಹೊಸ ಕೆಲಸ ಹಚ್ಚಿತು. ಒಂದೊಂದು ಕರೆಯ ಬದಲು, ಒಂದೂರಿಂದ ಇನ್ನೊಂದೂರಿಗೆ ಹೋಗುವ ಇಡೀ ಹೊರೆಗೆ ಒಂದು ಟನಲ್. ಸಾಲುಗಳು ಕೋಟಿಯಿಂದ ಸಾವಿರಕ್ಕೆ ಇಳಿದವು. ಇದೇ ಕೆಲಸಕ್ಕೆ ಪೈಪೋಟಿಗಿದ್ದ ಸಿಆರ್-ಎಲ್‌ಡಿಪಿಯನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಐಇಟಿಎಫ್ 2003ರಲ್ಲಿ ಬರೆದೇ ಬಿಟ್ಟಿತು.

ವಿಡಿಯೊ ಕಾಲದ ಗುರುತು ಮಾತ್ರ ಇನ್ನೂ ಮಾಸಿಲ್ಲ. ಟನಲ್ ಕಟ್ಟಲು ಬೆಂಗಳೂರಿನ ರೂಟರ್ ‘ಪಾತ್’ ಎಂಬ ಸಂದೇಶ ಹೊರಡಿಸುತ್ತದೆ. ಹಾದುಹೋಗಬೇಕಾದ ಊರುಗಳ ಪಟ್ಟಿ ಅದರಲ್ಲಿರುತ್ತದೆ. ಆದರೆ ಜಾಗ ಗಟ್ಟಿಯಾಗುವುದು ಮುಂಬೈ ಅದನ್ನು ಪಡೆದು ‘ರೆಸ್ವ್’ ಸಂದೇಶವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದಾಗ. ಪುಣೆ ತನ್ನ ಲೆಕ್ಕದಲ್ಲಿ 3 ಗಿಗಾಬಿಟ್ ಕಳೆದು, ಲೇಬಲ್ ಕೊಟ್ಟು ಬೆಳಗಾವಿಗೆ ದಾಟಿಸುತ್ತದೆ, ಬೆಳಗಾವಿ ಹುಬ್ಬಳ್ಳಿಗೆ, ಹುಬ್ಬಳ್ಳಿ ಬೆಂಗಳೂರಿಗೆ. ಎಲ್ಲಾದರೂ ಜಾಗ ಸಾಲದೆ ಹೋದರೆ ಅಲ್ಲಿಂದಲೇ ದೋಷದ ಸಂದೇಶ ಹಿಂದಿರುಗುತ್ತದೆ. ಈ ಟನಲ್ ಒಮ್ಮುಖ ಎಂಬುದನ್ನೂ ಮರೆಯಬಾರದು. ಮುಂಬೈಯಿಂದ ಬರುವ ಟ್ರಾಫಿಕ್‌ಗೆ ಬೇಕಾದರೆ ಮುಂಬೈ ಕಡೆಯಿಂದ ಇನ್ನೊಂದು ಕಟ್ಟಬೇಕು.

ಕಾನ್ಫಿಗರ್ ಮಾಡುವುದಕ್ಕೆ ಬೇಕಾದ ಸಾಲುಗಳು ಬೆರಳೆಣಿಕೆಯಷ್ಟು. ಸ್ವಿಚ್‌ನಲ್ಲಿ ಒಮ್ಮೆ ಟ್ರಾಫಿಕ್ ಎಂಜಿನಿಯರಿಂಗ್ ಚಾಲೂ ಮಾಡಬೇಕು, ಹಾದಿಯ ಪ್ರತಿ ಇಂಟರ್‌ಫೇಸ್‌ನಲ್ಲೂ ಮತ್ತೆ ಮಾಡಬೇಕು, ಆ ಇಂಟರ್‌ಫೇಸ್‌ನಲ್ಲಿ ಎಷ್ಟು ಕಾಯ್ದಿರಿಸಬಹುದು ಎಂದು ಬರೆಯಬೇಕು, ಓಎಸ್‌ಪಿಎಫ್ ಅಥವಾ ಐಎಸ್-ಐಎಸ್ ಎಂಬ ನಕ್ಷೆ ಹಂಚುವ ಪ್ರೋಟೊಕಾಲ್ ಈ ಮಾಹಿತಿಯನ್ನೂ ಊರೆಲ್ಲ ಸಾರುವಂತೆ ಹೇಳಬೇಕು. ತೊಂದರೆ ಇರುವುದು ಸಾಲುಗಳ ಸಂಖ್ಯೆಯಲ್ಲಲ್ಲ, ಬಿಟ್ಟುಹೋದ ಸಾಲು ಸದ್ದು ಮಾಡದಿರುವುದರಲ್ಲಿ. ಬೆಳಗಾವಿಯಲ್ಲಿ ಪುಣೆ ಕಡೆಯ ಇಂಟರ್‌ಫೇಸ್‌ನಲ್ಲಿ ಬಿಟ್ಟುಹೋಯಿತು ಅನ್ನಿ. ಪಿಂಗ್ ಹೋಗುತ್ತದೆ, ಟ್ರೇಸ್‌ರೂಟ್ ಅದೇ ಲಿಂಕ್ ಮೇಲೆ ಹಾಯುತ್ತದೆ, ಗ್ರಾಹಕರ ಪ್ಯಾಕೆಟ್‌ಗಳೂ ಓಡಾಡುತ್ತವೆ. ಹುಬ್ಬಳ್ಳಿ ಮೇಲೆಯೇ ಹೋಗು ಎಂದು ಹೇಳಿದ ಟನಲ್ ಮಾತ್ರ ‘ದಾರಿ ಇಲ್ಲ’ ಅನ್ನುತ್ತದೆ. ಟನಲ್ ನೋಡುವ ನಕ್ಷೆಯೇ ಬೇರೆ. ಆ ನಕ್ಷೆಯಲ್ಲಿ ಬೆಳಗಾವಿ–ಪುಣೆ ಲಿಂಕೇ ಇಲ್ಲ.

ಎಷ್ಟು ಕಾಯ್ದಿರಿಸಬಹುದು ಎಂಬ ಅಂಕಿಯಲ್ಲಿ ಒಂದು ತಮಾಷೆ ಇದೆ. ಸಿಸ್ಕೊ ಕಂಪನಿಯ ರೂಟರ್ ತಂತ್ರಾಂಶವಾದ ಐಒಎಸ್‌ನಲ್ಲಿ ಅಂಕಿ ಹಾಕದೆ ಆಜ್ಞೆ ಕೊಟ್ಟರೆ ಲಿಂಕ್‌ನ ಶೇ. 75ರಷ್ಟನ್ನು ಅದು ತಾನೇ ಗೊತ್ತು ಮಾಡಿಕೊಳ್ಳುತ್ತದೆ. ಜುನಿಪರ್‌ನಲ್ಲಿ ಸುಮ್ಮನೆ ಬಿಟ್ಟರೆ ಶೇ. 100. ಪ್ರತಿ ರೂಟರ್ ಲೆಕ್ಕ ಇಡುವುದು ತನ್ನಿಂದ ಹೊರಹೋಗುವ ದಿಕ್ಕಿಗೆ ಮಾತ್ರ. ಹಾಗಾಗಿ ಬೆಂಗಳೂರಿನಲ್ಲಿ ಸಿಸ್ಕೊ ಪೆಟ್ಟಿಗೆ, ಹುಬ್ಬಳ್ಳಿಯಲ್ಲಿ ಜುನಿಪರ್ ಪೆಟ್ಟಿಗೆ ಇದ್ದು, ಎರಡು ಕಡೆಯವರೂ ಅಂಕಿ ಹಾಕುವ ತೊಂದರೆ ತೆಗೆದುಕೊಳ್ಳದಿದ್ದರೆ, ಒಂದೇ 10 ಗಿಗಾಬಿಟ್ ಲಿಂಕ್ ಹೋಗುವಾಗ 7.5, ಬರುವಾಗ 10.

ಇದಕ್ಕಿಂತ ಕೆಟ್ಟದ್ದು ಅಳತೆಮಾನದ ಎಡವಟ್ಟು. ಐಒಎಸ್‌ನಲ್ಲಿ ಟನಲ್‌ನ ಬ್ಯಾಂಡ್‌ವಿಡ್ತ್ ಕಿಲೋಬಿಟ್ ಲೆಕ್ಕದಲ್ಲಿ. 3 ಗಿಗಾಬಿಟ್ ಬೇಕಿದ್ದರೆ 30,00,000 ಎಂದು ಹೊಡೆಯಬೇಕು, ಅಲ್ಪವಿರಾಮ ಬಿಟ್ಟು. ಮೆಗಾಬಿಟ್ ಇರಬಹುದು ಎಂದುಕೊಂಡು 3000 ಹೊಡೆದರೆ ಕಾಯ್ದಿರಿಸಿದ್ದು ಬರೀ 3 ಮೆಗಾಬಿಟ್. ಜುನಿಪರ್‌ನಲ್ಲಿ ಅಂಕಿಯ ಹಿಂದೆ ಮಾನದ ಅಕ್ಷರ ಸೇರಿಸದೆ 3000 ಹೊಡೆದರೆ 3000 ಬಿಟ್. ಎರಡರಲ್ಲೂ ಟನಲ್ ನಿಲ್ಲುತ್ತದೆ, ಹಸಿರಾಗುತ್ತದೆ, ಟ್ರಾಫಿಕ್ ಹೊರುತ್ತದೆ. ಸಣ್ಣ ಅಂಕಿ ಬರೆದವನಿಗೆ ಎಲ್ಲೆಲ್ಲೂ ಜಾಗ ಸಿಗುತ್ತದೆ! ಎಡವಟ್ಟು ಬಯಲಾಗುವುದು ಆ ಲಿಂಕ್ ಖಾಲಿ ಇದೆ ಎಂದು ನಂಬಿ ಬೇರೆ ನಾಲ್ಕು ಟನಲ್‌ಗಳು ಬಂದು ಕೂತ ಮೇಲೆ. ಆಗಲೂ ನರಳುವವರು ಬಂದವರು, ತಪ್ಪು ಬರೆದವನ ಟನಲ್ ಅಲ್ಲ.

ಟನಲ್ ಕಟ್ಟಿ, ಅದರೊಳಗೆ ಟ್ರಾಫಿಕ್ ತಿರುಗಿಸುವುದನ್ನೇ ಬಿಡುವವರೂ ಇದ್ದಾರೆ. ‘ಆಟೊರೂಟ್’ ಅಥವಾ ಅಂಥದ್ದೊಂದು ಸಾಲು ಬರೆಯದಿದ್ದರೆ ಟನಲ್ 3 ಗಿಗಾಬಿಟ್ ಜಾಗ ಹಿಡಿದು ಖಾಲಿ ಕೂತಿರುತ್ತದೆ, ಪ್ಯಾಕೆಟ್‌ಗಳು ಅದರ ಪಕ್ಕದಲ್ಲೇ ಹಳೇ ದಾರಿಯಲ್ಲಿ ಹೋಗುತ್ತಿರುತ್ತವೆ.

ಇನ್ನು ಆದ್ಯತೆ. ಪ್ರತಿ ಟನಲ್‌ಗೂ 0ಯಿಂದ 7ರವರೆಗೆ ಎರಡು ಅಂಕಿ: ಜಾಗ ಕೇಳುವಾಗಿನದು ಒಂದು, ಸಿಕ್ಕ ಜಾಗ ಉಳಿಸಿಕೊಳ್ಳುವಾಗಿನದು ಒಂದು. 0 ಅತಿ ಮೇಲು. ಬಹಳ ಜನ ಎಲ್ಲಕ್ಕೂ 7 ಬಿಟ್ಟು ಸುಮ್ಮನಾಗುತ್ತಾರೆ, ಎಲ್ಲರೂ ಸಮಾನರು ಎಂಬ ಭಾವದಲ್ಲಿ. ನಮ್ಮ ಎರಡು ದಾರಿಗಳನ್ನೇ ತೆಗೆದುಕೊಂಡು ಇದರ ಪರಿಣಾಮ ನೋಡಿ. ಎರಡರಲ್ಲೂ ಪೂರ್ತಿ 10 ಕಾಯ್ದಿರಿಸಬಹುದು ಎಂದಿಟ್ಟುಕೊಳ್ಳೋಣ. ಕೂರಬೇಕಾದ ಟನಲ್‌ಗಳು ನಾಲ್ಕು: 3, 3, 7, 7. ಒಟ್ಟು 20, ಜಾಗವೂ 20. ಮೊದಲು ಎರಡು ಚಿಕ್ಕವು ಬಂದು ಹತ್ತಿರದ ಹುಬ್ಬಳ್ಳಿ ದಾರಿಯಲ್ಲಿ ಕೂತವು. ಅಲ್ಲಿ ಉಳಿದದ್ದು 4. ಮೊದಲ 7 ಹೈದರಾಬಾದ್ ದಾರಿಗೆ ಹೋಯಿತು. ಅಲ್ಲಿ ಉಳಿದದ್ದು 3. ಎರಡನೇ 7ಕ್ಕೆ ಎಲ್ಲೂ ಜಾಗವಿಲ್ಲ. ಬಾಕಿ ಇರುವುದೂ ಸರಿಯಾಗಿ 7, ಆದರೆ 4 ಅಲ್ಲಿ, 3 ಇಲ್ಲಿ. ಅದೇ ಟನಲ್‌ಗಳು 7, 3, 7, 3 ಎಂಬ ಸರದಿಯಲ್ಲಿ ಬಂದಿದ್ದರೆ ನಾಲ್ಕೂ ಅಚ್ಚುಕಟ್ಟಾಗಿ ಕೂರುತ್ತಿದ್ದವು.

ಯಾವ ಟನಲ್ ಮೊದಲು ಬಂತು ಎಂಬುದು ಆಕಸ್ಮಿಕ. ಒಂದು ರೂಟರ್ ರೀಬೂಟ್ ಆದರೂ ಸರದಿ ಬದಲಾಗುತ್ತದೆ, ನಿನ್ನೆ ಕೂತಿದ್ದ ಟನಲ್ ಇವತ್ತು ಹೊರಗೆ. ಆದ್ದರಿಂದ ದೊಡ್ಡ ಟನಲ್‌ಗೆ ಮೇಲಿನ ಆದ್ಯತೆ ಕೊಡುವ ರೂಢಿಯನ್ನು ನಾನು ಮೆಚ್ಚುತ್ತೇನೆ. ದೊಡ್ಡದು ಮುಖ್ಯ ಅಂತಲ್ಲ. ಚಿಕ್ಕದಕ್ಕೆ ಬೇರೆ ಸಂದಿ ಸಿಗುತ್ತದೆ, ದೊಡ್ಡದಕ್ಕೆ ಸಿಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಎರಡನೇ 7ಕ್ಕೆ ಮೇಲಿನ ಆದ್ಯತೆ ಇದ್ದಿದ್ದರೆ ಹುಬ್ಬಳ್ಳಿ ದಾರಿಯಲ್ಲಿದ್ದ ಒಂದು 3ನ್ನು ಎಬ್ಬಿಸುತ್ತಿತ್ತು, ಅಲ್ಲಿ 7 ಖಾಲಿಯಾಗುತ್ತಿತ್ತು, ಎದ್ದ 3 ಹೈದರಾಬಾದ್ ದಾರಿಯಲ್ಲಿ ಉಳಿದಿದ್ದ 3ರಲ್ಲಿ ಹೋಗಿ ಕೂರುತ್ತಿತ್ತು. ಕೇಳುವ ಆದ್ಯತೆ ಉಳಿಸಿಕೊಳ್ಳುವ ಆದ್ಯತೆಗಿಂತ ಮೇಲಿರಬಾರದು ಎಂದು ನಿಯಮವೇ ಹೇಳುತ್ತದೆ. ಇಲ್ಲದಿದ್ದರೆ ಎರಡು ಟನಲ್‌ಗಳು ಒಂದನ್ನೊಂದು ಎಬ್ಬಿಸುತ್ತ ಬೆಳಗಿನವರೆಗೂ ಕೂರುತ್ತವೆ.

ನಿಗಾ ಇಡುವುದರ ವಿಷಯಕ್ಕೆ ಬಂದರೆ, ಮೊದಲು ತಿಳಿಯಬೇಕಾದದ್ದು ಈ ಲೆಕ್ಕ ತಾನಾಗಿ ಅಳಿಯುವಂಥದ್ದು ಎಂದು. ಪಾತ್, ರೆಸ್ವ್ ಎರಡನ್ನೂ ಸುಮಾರು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸುತ್ತಲೇ ಇರಬೇಕು. ಬರುವುದು ನಿಂತರೆ, ಮೂಲ ಸೂತ್ರದ ಪ್ರಕಾರ 157.5 ಸೆಕೆಂಡ್ ಕಾದು ರೂಟರ್‌ಗಳು ಸಾಲನ್ನು ಅಳಿಸಿಹಾಕುತ್ತವೆ. ಅಂದರೆ ಪಕ್ಕದ ರೂಟರ್ ಸದ್ದಿಲ್ಲದೆ ಸತ್ತಿದ್ದರೆ ಎರಡೂವರೆ ನಿಮಿಷ ಸತ್ತವರ ಹೆಸರಿನಲ್ಲಿ ಜಾಗ ಹಿಡಿದಿರುತ್ತದೆ. ‘ಷೋ ಐಪಿ ಆರ್‌ಎಸ್‌ವಿಪಿ ಇಂಟರ್‌ಫೇಸ್’ ಎಂದು ಕೇಳಿದರೆ ಆ ಜಾಗವೂ ಕೂಡಿಯೇ ಕಾಣುತ್ತದೆ. 10,000 ಟನಲ್ ಹಾಯುವ ರೂಟರ್ ಹೀಗೆ ನವೀಕರಿಸುವುದಕ್ಕೇ ಸೆಕೆಂಡಿಗೆ 650ಕ್ಕೂ ಹೆಚ್ಚು ಸಂದೇಶ ಕಳಿಸಬೇಕು, ಅಷ್ಟೇ ಬಿಡಿಸಿಕೊಳ್ಳಬೇಕು. 2001ರ ಆರ್‌ಎಫ್‌ಸಿ 2961 ಇವನ್ನು ಒಂದೇ ಪಟ್ಟಿಯಲ್ಲಿ ಕಟ್ಟಿ ಕಳಿಸುವ ಉಪಾಯ ಕೊಟ್ಟಿತು. ಈ ಸೌಲಭ್ಯ ಇದ್ದೂ ಚಾಲೂ ಮಾಡದೆ ಪ್ರೊಸೆಸರ್ ಬಿಸಿಯಾಗಿದೆ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಆ ಆಜ್ಞೆ ತೋರಿಸುವ ಪಟ್ಟಿಯಲ್ಲಿ ಹಂಚಿದ್ದೆಷ್ಟು, ಹಂಚಬಹುದಾದ ಗರಿಷ್ಠ ಎಷ್ಟು ಎಂಬುದಿರುತ್ತದೆ, ಹರಿಯುತ್ತಿರುವುದೆಷ್ಟು ಎಂಬುದಿರುವುದಿಲ್ಲ. ಅದನ್ನು ಇಂಟರ್‌ಫೇಸ್‌ನ ಮತ್ತು ಟನಲ್‌ನ ಬೈಟ್ ಕೌಂಟರ್‌ನಿಂದ ತೆಗೆಯಬೇಕು. ಇಲ್ಲಿಯೂ ಒಂದು ಹಳೇ ಗುಂಡಿ ಇದೆ. 32 ಬಿಟ್‌ನ ಕೌಂಟರ್ 10 ಗಿಗಾಬಿಟ್ ಲಿಂಕ್ ತುಂಬಿ ಹರಿಯುವಾಗ ಸುಮಾರು 3.4 ಸೆಕೆಂಡಿಗೆ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. 5 ನಿಮಿಷಕ್ಕೊಮ್ಮೆ ಅದನ್ನು ಓದಿ ಗ್ರಾಫ್ ಬರೆದರೆ ಗೆರೆ ಚೆಂದ ಬರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. 64 ಬಿಟ್‌ನದನ್ನೇ ಓದಬೇಕು. ಓದಿದ ಮೇಲೆ ಕಾಯ್ದಿರಿಸಿದ ಗೆರೆಯನ್ನೂ ಹರಿವಿನ ಗೆರೆಯನ್ನೂ ಒಂದೇ ಗ್ರಾಫಿನಲ್ಲಿ ಒಂದರ ಮೇಲೊಂದು ಇಡಬೇಕು. ಬೇರೆ ಬೇರೆ ಪುಟದಲ್ಲಿಟ್ಟರೆ ಯಾರೂ ತಾಳೆ ನೋಡುವುದಿಲ್ಲ. ರಾತ್ರಿ ಪಾಳಿಯಲ್ಲಿ ಕೂತು ಇಂಥ ಪರದೆ ನೋಡುವ ಯಾರನ್ನಾದರೂ ಕೇಳಿ.

ಎರಡು ಗೆರೆಯನ್ನು ಯಂತ್ರವೇ ಕೂಡಿಸಲಿ ಎಂದು ‘ಆಟೊ ಬ್ಯಾಂಡ್‌ವಿಡ್ತ್’ ಬಂತು. ಐಒಎಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅದು 5 ನಿಮಿಷಕ್ಕೊಮ್ಮೆ ಟನಲ್‌ನ ಹರಿವು ಅಳೆಯುತ್ತದೆ. 24 ಗಂಟೆಗೊಮ್ಮೆ, ಆ ಅವಧಿಯ ಅತಿ ದೊಡ್ಡ ಅಳತೆಗೆ ಕಾಯ್ದಿರಿಸುವಿಕೆಯನ್ನು ಹೊಂದಿಸುತ್ತದೆ. ಹೊಸ ದಾರಿಯನ್ನು ಕಟ್ಟಿ, ಟ್ರಾಫಿಕ್ ಅದಕ್ಕೆ ದಾಟಿಸಿ, ಆಮೇಲೆ ಹಳೆಯದನ್ನು ಕೆಡವುತ್ತದೆ. ಎರಡೂ ಒಂದೇ ಲಿಂಕ್ ಮೇಲೆ ಹಾದರೂ ಜಾಗ ಎರಡು ಸಲ ಕಳೆಯದಂತೆ ನೋಡಿಕೊಳ್ಳುತ್ತದೆ. ಇಷ್ಟು ಸೊಗಸಾದ ಏರ್ಪಾಡು ಈ ಪ್ರೋಟೊಕಾಲ್‌ನಲ್ಲಿ ಬೇರೆ ಕಾಣೆ. ಆದರೆ ಯಂತ್ರಕ್ಕೆ ನಾಳೆ ಗೊತ್ತಿಲ್ಲ. ಆರ್‌ಸಿಬಿ ಮ್ಯಾಚಿನ ರಾತ್ರಿ ಹರಿವು ಏರಿದರೆ, ಮಾರನೇ ದಿನವಿಡೀ, ಮ್ಯಾಚ್ ಇರಲಿ ಬಿಡಲಿ, ಟನಲ್ ಅಷ್ಟು ಜಾಗ ಹಿಡಿದು ಕೂರುತ್ತದೆ. ಮ್ಯಾಚಿನ ರಾತ್ರಿ ಹಿಡಿದಿದ್ದು ಅದರ ಹಿಂದಿನ ದಿನದ ಸಾಧಾರಣ ಜಾಗ. ಅವಧಿ ಕಡಿಮೆ ಮಾಡಿದರೆ ಟನಲ್‌ಗಳು ಗಂಟೆಗೊಮ್ಮೆ ಜಾಗ ಬದಲಿಸುತ್ತ ಅಲೆಯುತ್ತವೆ. ಇನ್ನೊಂದು ಸೂಕ್ಷ್ಮವೂ ಇದೆ. ಮುಂದೆ ಎಲ್ಲೋ ಲಿಂಕ್ ತುಂಬಿ ಪ್ಯಾಕೆಟ್ ಉದುರುತ್ತಿದ್ದರೆ ಟಿಸಿಪಿ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಟನಲ್‌ನ ಬಾಯಲ್ಲಿ ಅಳತೆ ಕಡಿಮೆ ಕಾಣುತ್ತದೆ. ಯಂತ್ರ ‘ಬೇಡಿಕೆ ಇಳಿಯಿತು’ ಎಂದು ತಿಳಿದು ಜಾಗ ಇನ್ನೂ ಕಡಿಮೆ ಮಾಡುತ್ತದೆ. ಹಸಿದವನು ಕಡಿಮೆ ಉಂಡನೆಂದು ಎಲೆಗೆ ಬಡಿಸುವುದನ್ನೇ ನಿಲ್ಲಿಸಿದಂತಾಯಿತು.

ಲಿಂಕ್ ಕಡಿದಾಗ ಲೆಕ್ಕಕ್ಕೂ ಹರಿವಿಗೂ ನಡುವಿನ ಅಂತರ ಇನ್ನೂ ದೊಡ್ಡದಾಗುತ್ತದೆ. 2005ರ ಆರ್‌ಎಫ್‌ಸಿ 4090 ಹೇಳುವ ಕ್ಷಿಪ್ರ ಬದಲಿ ದಾರಿ ಹತ್ತಾರು ಮಿಲಿಸೆಕೆಂಡಿನಲ್ಲಿ ಟ್ರಾಫಿಕ್ ತಿರುಗಿಸುತ್ತದೆ. ಅನೇಕ ಜಾಲಗಳಲ್ಲಿ ಆರ್‌ಎಸ್‌ವಿಪಿ ಇನ್ನೂ ಬದುಕಿರುವುದೇ ಈ ಒಂದು ಗುಣಕ್ಕೆ. ಆದರೆ ಆ ಬದಲಿ ಟನಲ್‌ಗೆ ಸಾಮಾನ್ಯವಾಗಿ ಕಾಯ್ದಿರಿಸುವುದು ಸೊನ್ನೆ. ಎಂದೋ ಬೇಕಾದೀತು ಎಂದು ಜಾಗ ಹಿಡಿದಿಟ್ಟರೆ ದುಡ್ಡು ದಂಡ ಎಂಬುದು ಲೆಕ್ಕಾಚಾರ, ಅದೂ ನ್ಯಾಯವೇ. ಪುಣೆ ಬಳಿ ಯಾರೋ ಜೆಸಿಬಿಯಲ್ಲಿ ಫೈಬರ್ ಕಿತ್ತರೆ 10 ಗಿಗಾಬಿಟ್ ಟ್ರಾಫಿಕ್ ಸೊನ್ನೆ ಕಾಯ್ದಿರಿಸಿದ ದಾರಿಗೆ ಬೀಳುತ್ತದೆ, ಆ ದಾರಿಯ ಸ್ವಿಚ್‌ಗಳು ‘ಜಾಗ ಇದೆ’ ಎಂದು ಊರೆಲ್ಲ ಸಾರುತ್ತಲೇ ಇರುತ್ತವೆ.

ಗೂಗಲ್ ತನ್ನ ಡೇಟಾ ಸೆಂಟರ್‌ಗಳ ನಡುವಿನ ಬಿ4 ಜಾಲದಲ್ಲಿ ಬೇರೆ ದಾರಿ ಹಿಡಿಯಿತು. ಪ್ರತಿ ರೂಟರ್ ತಂತಾನೇ ಜಾಗ ಹುಡುಕುವ ಬದಲು ಇಡೀ ಜಾಲ ಕಾಣುವ ಕೇಂದ್ರವೊಂದು ಹಂಚುತ್ತದೆ, ಕಳಿಸುವ ಕಡೆಯಲ್ಲೇ ಮಿತಿಯನ್ನೂ ಹಾಕುತ್ತದೆ. ಸಾಧಾರಣ ಜಾಲಗಳು ಶೇ. 30–40ರ ಬಳಕೆಯಲ್ಲಿ ನಡೆಯುವಾಗ ತಮ್ಮಲ್ಲಿ ದೀರ್ಘಾವಧಿಯ ಸರಾಸರಿ ಶೇ. 70, ಕೆಲವು ಲಿಂಕ್‌ಗಳಲ್ಲಿ ಹತ್ತಿರ ಹತ್ತಿರ 100 ಎಂದು 2013ರಲ್ಲಿ ಪ್ರಕಟಿಸಿದರು. ಕಳಿಸುವವರು, ಹೊರುವವರು ಇಬ್ಬರೂ ಒಂದೇ ಕಂಪನಿ ಆಗಿದ್ದಕ್ಕೆ ಅದು ಸಾಧ್ಯವಾಯಿತು. ಯಾರ್ಯಾರದೋ ಟ್ರಾಫಿಕ್ ಹೊರುವ ದೂರಸಂಪರ್ಕ ಕಂಪನಿಗೆ ಆ ಭಾಗ್ಯವಿಲ್ಲ.

2018ರ ಜುಲೈಯಲ್ಲಿ ಆರ್‌ಎಫ್‌ಸಿ 8402 ಆಗಿ ಬಂದ ಸೆಗ್ಮೆಂಟ್ ರೂಟಿಂಗ್ ನಡುವಿನ ಸ್ವಿಚ್‌ಗಳ ಲೆಕ್ಕಪುಸ್ತಕವನ್ನೇ ತೆಗೆದುಹಾಕಿತು. ದಾರಿಯನ್ನು ಪ್ಯಾಕೆಟ್ಟೇ ಹೊತ್ತುಕೊಂಡು ಹೋಗುತ್ತದೆ. ನವೀಕರಣ ಇಲ್ಲ, ಟನಲ್‌ಗೊಂದು ಸಾಲು ಇಲ್ಲ, ‘ಜಾಗವಿಲ್ಲ’ ಅನ್ನುವವರೂ ಇಲ್ಲ. ಆದರೆ ಹಳೇ ಜಾಲವನ್ನು ಒಂದೇ ರಾತ್ರಿ ಬದಲಿಸಲಾಗುವುದಿಲ್ಲ. ಒಂದೇ ಲಿಂಕ್ ಮೇಲೆ ಎರಡೂ ವರ್ಷಗಟ್ಟಲೆ ಜೊತೆಗೆ ನಡೆಯಬೇಕು. ಸೆಗ್ಮೆಂಟ್ ರೂಟಿಂಗ್‌ನ ಟ್ರಾಫಿಕ್ ಆರ್‌ಎಸ್‌ವಿಪಿಯ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ತಿಂಗಳು ಬಂದ ಆರ್‌ಎಫ್‌ಸಿ 8426 ಇದನ್ನೇ ಕೈಗೆತ್ತಿಕೊಂಡಿದೆ. ಅದು ಮುಂದಿಡುವ ಒಂದು ಪರಿಹಾರ ಹೀಗೆ: ಪ್ರತಿ ಲಿಂಕ್‌ನಲ್ಲೂ ಸೆಗ್ಮೆಂಟ್ ರೂಟಿಂಗ್ ಟ್ರಾಫಿಕ್ಕನ್ನು ಆಗಾಗ ಅಳೆಯಿರಿ, ಅಷ್ಟನ್ನು ಆ ಲಿಂಕ್‌ನ ಕಾಯ್ದಿರಿಸಬಹುದಾದ ಗರಿಷ್ಠದಿಂದ ಕಳೆಯಿರಿ. ಹುಬ್ಬಳ್ಳಿ ಲಿಂಕ್‌ನಲ್ಲಿ ಅದು 4 ಗಿಗಾಬಿಟ್‌ಗೆ ಏರಿತು ಅನ್ನಿ. ಗರಿಷ್ಠ 10ರಿಂದ 6ಕ್ಕೆ ಇಳಿಯುತ್ತದೆ. ಅಲ್ಲಿ 7 ಮತ್ತು 3 ಕೂತಿದ್ದರೆ ಈಗ 7ರ ಟನಲ್‌ಗೆ, ಆದ್ಯತೆ ಎಷ್ಟೇ ಇರಲಿ, ಆ ದಾರಿಯಲ್ಲಿ ಜಾಗವಿಲ್ಲ. ಅದು ಎದ್ದು ಹೈದರಾಬಾದ್ ಕಡೆ ಖಾಲಿ ಇದೆಯೇ ಎಂದು ಕೇಳಬೇಕು, ಇಲ್ಲವೇ ಎಂಜಿನಿಯರ್ ಅದನ್ನು ಮುಂಚೆಯೇ ಎರಡು ಮೂರು ತುಂಡು ಮಾಡಿಟ್ಟಿರಬೇಕು.